ಲಾಡ್ಜ್ ಕೋಣೆಯಲ್ಲಿ ತಿಗಣೆ ಕಂಡರೆ: ಮುಂಬೈಗೆ ಹೋಗುವವರಿಗೆ ಒಂದು ಕೈಪಿಡಿ

ಅವ್ವನ ಚಿಕಿತ್ಸೆಗೆಂದು ಮುಂಬೈಗೆ ಹೋಗಿದ್ದಾಗಿನ ಮಾತಿದು. ಹುಬ್ಬಳ್ಳಿಯಿಂದ ರಾತ್ರಿ ಗಾಡಿ ಹತ್ತಿ ದಾದರಿನಲ್ಲಿ ಇಳಿದು, ಪರೇಲಿನ ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಲಾಡ್ಜ್ ಹಿಡಿದೆವು. ಎರಡನೇ ರಾತ್ರಿ ಸುಮಾರು ಎರಡು ಗಂಟೆಗೆ ಅವ್ವ ಎದ್ದು ಕೂತು ತೋಳು ಕೆರೆದುಕೊಳ್ಳುತ್ತಿದ್ದಳು. ಸೊಳ್ಳೆ ಇರಬೇಕು, ಮಲಗು ಅಂದೆ. "ಸೊಳ್ಳಿ ಅಲ್ಲವಾ ಇದು, ತಗಣಿ. ನಮ್ಮ ಹಳೇ ಮನ್ಯಾಗ ಬರತಿತ್ತಲ್ಲ, ಅದ ವಾಸನಿ ಐತಿ" ಅಂದಳು. ಮೊಬೈಲ್ ಟಾರ್ಚ್ ಹಚ್ಚಿ ಗಾದಿಯ ಅಂಚು ಎತ್ತಿದರೆ ಹೊಲಿಗೆಯ ಸಾಲಿನಲ್ಲೇ ನಾಲ್ಕು ಕೂತಿದ್ದವು.

ಆ ರಾತ್ರಿ ನಾನು ಮಾಡಿದ್ದೆಲ್ಲ ತಪ್ಪು. ಹೊದಿಕೆ ಕೊಡವಿದೆ, ಕಂಡದ್ದನ್ನು ಹೊಸಕಿದೆ, ಬ್ಯಾಗನ್ನು ಪಕ್ಕದ ಮಂಚದ ಮೇಲೆ ಎತ್ತಿಟ್ಟೆ. ಗುಳ್ಳೆಗಳು ವಾರದಲ್ಲಿ ಮಾಯವಾದವು. ಆದರೆ ಊರಿಗೆ ಬಂದ ಒಂದೂವರೆ ತಿಂಗಳಿಗೆ ನಮ್ಮ ಮನೆಯ ಮಂಚದ ಸಂದಿಯಲ್ಲಿ ತಿಗಣೆ ಕಂಡವು. ಅವನ್ನು ಓಡಿಸಲು ಆರು ತಿಂಗಳು ಹಿಡಿಯಿತು, ಅದೂ ಚಿಕಿತ್ಸೆ ನಡೆಯುತ್ತಿದ್ದ ಅವ್ವನನ್ನು ಮನೆಯಲ್ಲಿಟ್ಟುಕೊಂಡು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಲಾಡ್ಜಿನಲ್ಲಿ ತಿಗಣೆ ಕಂಡಾಗ ನೀವು ಕಾಪಾಡಿಕೊಳ್ಳಬೇಕಾದದ್ದು ಮೈಗಿಂತ ಹೆಚ್ಚಾಗಿ ಬ್ಯಾಗನ್ನು. ಕೆಳಗಿನ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿಗೆ ಬಂದು ಸೇರುತ್ತವೆ.

ಮೊದಲು ಈ ಹುಳದ ಗುಣ ತಿಳಿದಿರಲಿ

ಬೆಳೆದ ತಿಗಣೆ 5ರಿಂದ 7 ಮಿಲಿಮೀಟರ್ ಉದ್ದ, ಹೆಚ್ಚುಕಡಿಮೆ ಮಸೂರ ಕಾಳಿನಷ್ಟು. ಚಪ್ಪಟೆ ಮೈ, ಕಂದು ಬಣ್ಣ. ರಕ್ತ ಕುಡಿದ ಮೇಲೆ ಉಬ್ಬಿ ಕೆಂಪಾಗುತ್ತದೆ. ಮೊಟ್ಟೆ 1 ಮಿಲಿಮೀಟರಿನದು, ಬಿಳಿ, ಸಂದಿಗೆ ಅಂಟಿಕೊಂಡಿರುತ್ತದೆ. ಆರರಿಂದ ಹತ್ತು ದಿನಕ್ಕೆ ಮರಿ ಹೊರಬರುತ್ತದೆ. ಮರಿ ಬೆಳೆಯಲು ಐದು ಸಲ ಪೊರೆ ಕಳಚಬೇಕು, ಪ್ರತಿ ಸಲವೂ ಅದಕ್ಕೆ ರಕ್ತ ಬೇಕು. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಹೊಟ್ಟೆಗಿಲ್ಲದೆ ತಿಂಗಳುಗಟ್ಟಲೆ ಬದುಕುವ ಶಕ್ತಿಯೂ ಅದಕ್ಕಿದೆ. ಒಂದೇ ಒಂದು ಬಸುರಿ ತಿಗಣೆ ಬ್ಯಾಗಿನಲ್ಲಿ ಬಂದರೂ ಸಾಕು ಅನ್ನುವುದು ಇದಕ್ಕೇ.

ಇದಕ್ಕೆ ರೆಕ್ಕೆಯಿಲ್ಲ, ಜಿಗಿಯಲೂ ಬರುವುದಿಲ್ಲ. ನಡೆದೇ ಬರಬೇಕು, ಇಲ್ಲವೇ ನಾವು ಹೊತ್ತು ತರಬೇಕು. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡು ಮತ್ತು ಮೈಯ ಬಿಸಿ ಹಿಡಿದು ಬರುತ್ತದೆ, ಐದು ಹತ್ತು ನಿಮಿಷ ರಕ್ತ ಹೀರಿ ಮತ್ತೆ ಸಂದಿ ಸೇರುತ್ತದೆ. ಮುಂಬೈಯಂಥ ಊರಿನಲ್ಲಿ ವರ್ಷವಿಡೀ ಸೆಕೆ, ಹೀಗಾಗಿ ಇವುಗಳ ಸಂತಾನಕ್ಕೆ ಬಿಡುವೇ ಇಲ್ಲ. ಜೊತೆಗೆ ದಿನಕ್ಕೊಬ್ಬರು ಬಂದು ಮಲಗಿ ಹೋಗುವ ಕೋಣೆ, ಗೋಡೆಗೆ ಗೋಡೆ ತಾಗಿದ ಕಟ್ಟಡ. ಕೊಳಕಿಗೂ ಇದಕ್ಕೂ ನಂಟಿಲ್ಲ. ಫಿನಾಯಿಲ್ ಹಾಕಿ ಒರೆಸಿ ಥಳಥಳಿಸುವ ಕೋಣೆಯಲ್ಲೂ, ದುಬಾರಿ ಹೋಟೆಲಿನಲ್ಲೂ ಇರುತ್ತದೆ. ಆದ್ದರಿಂದ ನಾಚಿಕೆ ಪಡಬೇಡಿ. ನಾಚಿ ಮುಚ್ಚಿಡುವುದರಿಂದಲೇ ಇದು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತದೆ.

ತಿಗಣೆ ಕಡಿತದಿಂದ ಮನುಷ್ಯರಿಗೆ ರೋಗ ಹರಡುತ್ತದೆ ಎಂದು ಈವರೆಗೆ ಸಾಬೀತಾಗಿಲ್ಲ. ತುರಿಕೆ, ನಿದ್ದೆಗೇಡು, ಕೆರೆದ ಗಾಯ ಕೀವಾಗುವುದು, ಇವೇ ಇದರ ಉಪದ್ರವ.

ಕೋಣೆಗೆ ಕಾಲಿಟ್ಟ ಕೂಡಲೇ ಮಾಡುವ ಹತ್ತು ನಿಮಿಷದ ಕೆಲಸ

ಬ್ಯಾಗನ್ನು ಮಂಚದ ಮೇಲೆ ಇಡಬೇಡಿ. ನೆಲದ ಕಾರ್ಪೆಟ್ಟು, ಸೋಫಾ ಕೂಡ ಬೇಡ. ನೇರ ಬಾತ್‌ರೂಮಿಗೆ ಒಯ್ದು ಒಣಗಿದ ಜಾಗದಲ್ಲಿ ಇಡಿ, ಅಥವಾ ಬಾಗಿಲ ಹೊರಗೇ ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ಬಾತ್‌ರೂಮಿನ ಟೈಲ್ಸ್ ಮೇಲೆ ತಿಗಣೆ ಹತ್ತಲಾರದು ಎಂದು ಕೆಲವರು ಹೇಳುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ನಮ್ಮ ಉಷ್ಣ ಸೀಮೆಯ ತಿಗಣೆ, ಸೈಮೆಕ್ಸ್ ಹೆಮಿಪ್ಟೆರಸ್ ಎಂಬ ಜಾತಿ, ತಣ್ಣನೆಯ ದೇಶಗಳ ತಿಗಣೆಗಿಂತ ನುಣುಪಾದ ಮೇಲ್ಮೈಯನ್ನು ಚೆನ್ನಾಗಿ ಏರಬಲ್ಲದು. ಬಾತ್‌ರೂಮಿನ ಲಾಭ ಇಷ್ಟೇ: ಅದು ಮಂಚದಿಂದ ದೂರ, ಅಲ್ಲಿ ಅಡಗುವ ಸಂದಿ ಕಡಿಮೆ.

ಆಮೇಲೆ ಲೈಟು ಕಡಿಮೆ ಮಾಡಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಬೆಡ್‌ಶೀಟ್ ಎಳೆದು ಗಾದಿಯ ನಾಲ್ಕೂ ಮೂಲೆ, ಅಂಚಿನ ಹೊಲಿಗೆ, ಕಂಪನಿ ಲೇಬಲ್ಲಿನ ಅಡಿ. ದಿಂಬಿನ ಕವರು ತಿರುವಿ ಅದರ ಮೂಲೆ. ಗಾದಿ ಎತ್ತಿ ಮಂಚದ ಹಲಗೆಗಳ ಸಂದಿ, ಸ್ಕ್ರೂ ತೂತು. ತಲೆಯ ಕಡೆಯ ಹಲಗೆ ಗೋಡೆಗೆ ತಾಗಿರುವ ಜಾಗವನ್ನಂತೂ ಬಿಡಲೇಬೇಡಿ, ಹೆಚ್ಚಾಗಿ ಗೂಡು ಕಟ್ಟುವುದು ಅಲ್ಲಿಯೇ. ಮುಂಬೈಯ ಸಣ್ಣ ಕೋಣೆಗಳಲ್ಲಿ ಪ್ಲೈವುಡ್ಡಿನ ಪೆಟ್ಟಿಗೆ ಮಂಚ ಇರುತ್ತದೆ, ಅದರ ಹೊಟ್ಟೆಯಲ್ಲಿ ಹೆಚ್ಚುವರಿ ಗಾದಿ, ಹಳೇ ರಗ್ಗು ತುಂಬಿರುತ್ತಾರೆ. ಅದನ್ನು ತೆಗೆಸಿ ನೋಡಿ. ಜೊತೆಗೆ ಬಂದವರಿಗೆ ನೆಲದ ಮೇಲೆ ಹಾಸುವುದು ಆ ಗಾದಿಯನ್ನೇ. ಸ್ವಿಚ್ ಬೋರ್ಡಿನ ಅಂಚು, ಗೋಡೆಯ ಫೋಟೊದ ಹಿಂದೆ, ಪರದೆಯ ನಿರಿಗೆ ಆಮೇಲೆ. ಸಂದಿಯೊಳಗೆ ಹಳೆಯ ಎಟಿಎಂ ಕಾರ್ಡ್ ತೂರಿಸಿ ಎಳೆದರೆ ಒಳಗಿದ್ದದ್ದು ಹೊರಬರುತ್ತದೆ.

ಹುಳವೇ ಕಾಣಬೇಕೆಂದಿಲ್ಲ. ಪೆನ್ನಿನ ಮೊನೆ ಊರಿದಂಥ ಕಪ್ಪು ಚುಕ್ಕೆಗಳ ಗುಂಪು ಕಂಡರೆ ಒದ್ದೆ ಬಟ್ಟೆಯಿಂದ ಉಜ್ಜಿ. ತುಕ್ಕಿನ ಬಣ್ಣಕ್ಕೆ ತಿರುಗಿ ಹರಡಿದರೆ ಅದು ತಿಗಣೆಯ ಹಿಕ್ಕೆ. ಕಂದು ಬಣ್ಣದ ಖಾಲಿ ಪೊರೆ, ಬೆಡ್‌ಶೀಟಿನ ಮೇಲೆ ಸಣ್ಣ ರಕ್ತದ ಕಲೆ ಕೂಡ ಗುರುತುಗಳೇ. ಬಹಳ ಇದ್ದರೆ ಹಳಸಿದ ಕೊತ್ತಂಬರಿ ಸೊಪ್ಪಿನಂಥ ವಾಸನೆ ಬರುತ್ತದೆ. ಅವ್ವ ಹಿಡಿದದ್ದು ಅದನ್ನೇ.

ಕಚ್ಚಿದ್ದು ತಿಗಣೆಯೋ ಅಲ್ಲವೋ

ಗುಳ್ಳೆ ನೋಡಿ ತೀರ್ಮಾನಿಸುವುದು ಕಷ್ಟ. ಮೂರು ನಾಲ್ಕು ಗುಳ್ಳೆ ಒಂದೇ ಸಾಲಿನಲ್ಲಿ, ತೋಳು ಕುತ್ತಿಗೆ ಬೆನ್ನಿನ ತೆರೆದ ಭಾಗದಲ್ಲಿದ್ದರೆ ತಿಗಣೆಯ ಮೇಲೆ ಅನುಮಾನ ಬರಬೇಕು. ಆದರೆ ಕೆಲವರಿಗೆ ಗುಳ್ಳೆಯೇ ಏಳುವುದಿಲ್ಲ, ಕೆಲವರಿಗೆ ಎದ್ದು ಕಾಣಲು ಎರಡು ವಾರದವರೆಗೂ ಹಿಡಿಯಬಹುದು. ಅದೇ ಮಂಚದ ಮೇಲೆ ನಾನೂ ಮಲಗಿದ್ದೆ, ನನಗೆ ಒಂದೂ ಗುಳ್ಳೆ ಏಳಲಿಲ್ಲ. ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ ತುರಿಕೆ ಇದ್ದು, ಮನೆಮಂದಿಗೆಲ್ಲ ಹರಡುತ್ತ ವಾರಗಟ್ಟಲೆ ಹೆಚ್ಚಾಗುತ್ತಿದ್ದರೆ ಅದು ತುರಿಕಜ್ಜಿ ಇರಬಹುದು, ಅದಕ್ಕೆ ಬೇರೆಯೇ ಮದ್ದು. ಗುಳ್ಳೆಯ ಬದಲು ಹುಳವನ್ನು ಹುಡುಕಿ.

ಕಂಡಿತು, ಈಗೇನು

ಕೊಡವಬೇಡಿ, ಓಡಿಸಬೇಡಿ. ಗದ್ದಲವಾದರೆ ಅವು ಚದುರಿ ಬ್ಯಾಗು, ಚಪ್ಪಲಿ ಸೇರುತ್ತವೆ. ಮೊದಲು ಫೋಟೊ, ವಿಡಿಯೊ ತೆಗೆಯಿರಿ. ಹುಳ, ಕಲೆ, ಆಮೇಲೆ ಕೋಣೆಯ ನಂಬರು, ಮೂರೂ ಒಂದೇ ವಿಡಿಯೊದಲ್ಲಿ ಬಂದರೆ ಒಳ್ಳೆಯದು. ಒಂದು ಹುಳವನ್ನು ಪಾರದರ್ಶಕ ಅಂಟುಪಟ್ಟಿಯಲ್ಲಿ ಹಿಡಿದು ಬಿಳಿ ಹಾಳೆಗೆ ಅಂಟಿಸಿ. ಅದೇ ನಿಮ್ಮ ಸಾಕ್ಷಿ.

ಆಮೇಲೆ ಮ್ಯಾನೇಜರನ್ನು ಕರೆಯಿರಿ. ಹಿಂದಿಯಲ್ಲಿ "ಖಟ್ಮಲ್", ಮರಾಠಿಯಲ್ಲಿ "ಢೇಕೂಣ್". "ರೂಮ್ ಮೇ ಖಟ್ಮಲ್ ಹೈ, ದೂಸ್ರಾ ರೂಮ್ ದೀಜಿಯೇ" ಅಂದರೆ ಸಾಕು. ನಮ್ಮ ಲಾಡ್ಜಿನ ಕೌಂಟರಿನಲ್ಲಿ ಇದ್ದವರು ಕುಂದಾಪುರದ ಕಡೆಯವರು. ಸಿಟ್ಟು ಬಂದಿದ್ದರೂ ದನಿ ಏರಿಸದೆ, "ಅಣ್ಣಾ, ನೋಡ್ರಿಲ್ಲೆ" ಅಂತ ಫೋಟೊ ತೋರಿಸಿದೆ. "ಅಕ್ಕಾ, ಗಲಾಟಿ ಮಾಡ್ಬೇಡಿ, ಬಾಜೂ ರೂಮ್ ಖಾಲಿ ಇತ್, ಕೊಡ್ತೆ" ಅಂದರು. ನಾನು ಒಪ್ಪಿಕೊಂಡೆ. ಅದೂ ತಪ್ಪಾಯಿತು. ತಿಗಣೆ ವಯರಿಂಗ್ ಪೈಪು, ಗೋಡೆಯ ಬಿರುಕು, ಬಾಗಿಲಿನ ಅಡಿಯಿಂದ ಪಕ್ಕದ ಕೋಣೆಗೆ ನಡೆದು ಹೋಗುತ್ತದೆ. ಪಕ್ಕದ್ದು, ಸರಿಯಾಗಿ ಮೇಲಿನದ್ದು, ಸರಿಯಾಗಿ ಕೆಳಗಿನದ್ದು, ಎದುರಿನದ್ದು ಯಾವುದೂ ಬೇಡ. ಎರಡು ಮಾಳಿಗೆ ಬಿಟ್ಟು ಬೇರೆ ದಿಕ್ಕಿನ ಕೋಣೆ ಕೇಳಿ, ಅದನ್ನೂ ಮೊದಲಿನ ಹಾಗೆಯೇ ಪರೀಕ್ಷಿಸಿ. ಅಲ್ಲಿಯೂ ಕಂಡರೆ ಆ ಲಾಡ್ಜ್ ಬಿಡುವುದೇ ಸರಿ.

ರಾತ್ರಿ ಎರಡಕ್ಕೆ ರೋಗಿಯನ್ನು ಕರೆದುಕೊಂಡು ಎಲ್ಲಿ ಅಲೆಯುವುದು ಎಂಬ ಪ್ರಶ್ನೆ ನನಗೆ ಗೊತ್ತು. ಬೇರೆ ದಾರಿಯೇ ಇಲ್ಲದಿದ್ದರೆ ಲಾಬಿಯಲ್ಲಿ ಬೆಳಗಾಗುವವರೆಗೆ ಕೂರಿ, ಮೆತ್ತನೆಯ ಸೋಫಾ ಬಿಟ್ಟು ಪ್ಲಾಸ್ಟಿಕ್ ಅಥವಾ ಸ್ಟೀಲ್ ಕುರ್ಚಿಯಲ್ಲಿ. ಲೈಟು ಹಚ್ಚಿಟ್ಟು ಮಲಗಿದರೆ ಬರುವುದಿಲ್ಲ ಅನ್ನುವುದು ಸುಳ್ಳು, ಹಸಿದ ತಿಗಣೆ ಬೆಳಕಿನಲ್ಲೂ ಬರುತ್ತದೆ. ಎಸಿ ತಂಪಿಗೆ ಅದು ಸಾಯುವುದಿಲ್ಲ. ಸೊಳ್ಳೆಬತ್ತಿ, ನುಸಿ ಗುಳಿಗೆ, ಇರುವೆಗೆ ಗೀಚುವ ಸೀಮೆಸುಣ್ಣ, ಇವನ್ನು ನೆಚ್ಚಬೇಡಿ.

ಹೊರಡುವ ಮುನ್ನ ಬ್ಯಾಗ್ ಕಟ್ಟುವ ಕ್ರಮ

ಇಲ್ಲಿ ಅವಸರ ಮಾಡಬೇಡಿ. ಹತ್ತಿರದ ಅಂಗಡಿಯಿಂದ ಕಸಕ್ಕೆ ಬಳಸುವ ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲಗಳನ್ನು ತನ್ನಿ. ಬಟ್ಟೆಗಳನ್ನು ಬಾತ್‌ರೂಮಿನಲ್ಲಿ ಒಂದೊಂದಾಗಿ ಬಿಚ್ಚಿ ನೋಡಿ ಚೀಲಕ್ಕೆ ಹಾಕಿ, ಬಾಯಿ ತಿರುಚಿ ಬಿಗಿಯಾಗಿ ಕಟ್ಟಿ, ಮೇಲೊಂದು ಟೇಪು ಸುತ್ತಿ. ಮೈಮೇಲಿನ ಬಟ್ಟೆ ಬದಲಿಸಿ, ಆ ಬಟ್ಟೆಗೆ ಬೇರೆ ಚೀಲ. ಖಾಲಿ ಬ್ಯಾಗಿನ ಜಿಪ್ಪು, ಅಸ್ತರಿನ ಹೊಲಿಗೆ, ಗಾಲಿಯ ಸಂದು ಟಾರ್ಚಿನಲ್ಲಿ ನೋಡಿ, ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಅದನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ.

ಚಿಕಿತ್ಸೆಗೆ ಹೋದವರಿಗೆ ಒಂದು ಮಾತು. ಆಸ್ಪತ್ರೆಯ ಫೈಲು, ಎಕ್ಸ್‌ರೇ, ಸ್ಕ್ಯಾನಿನ ದೊಡ್ಡ ಲಕೋಟೆಗಳನ್ನು ನಾವೆಲ್ಲ ದಿಂಬಿನ ಅಡಿಯೋ ಗಾದಿಯ ಕೆಳಗೋ ಇಡುತ್ತೇವೆ, ಕಳೆಯಬಾರದೆಂದು. ಆ ಕಾಗದದ ಮಡಿಕೆ ತಿಗಣೆಗೆ ಹೇಳಿ ಮಾಡಿಸಿದ ಜಾಗ. ನಮ್ಮ ಮನೆಗೆ ಅದು ಬಂದದ್ದು ಬಹುಶಃ ಹಾಗೆಯೇ. ಫೈಲನ್ನು ಮೊದಲ ದಿನದಿಂದಲೇ ಜಿಪ್ ಇರುವ ಪ್ಲಾಸ್ಟಿಕ್ ಪೌಚಿನಲ್ಲಿಡಿ. ತಿಗಣೆ ಕಂಡ ಮೇಲೆ ಹಾಳೆ ಹಾಳೆ ತಿರುವಿ ನೋಡಿ, ಹಳೆಯ ಲಕೋಟೆ ಬಿಟ್ಟು ಹೊಸದಕ್ಕೆ ಹಾಕಿ.

ಠಾಣೆಯಲ್ಲೋ ಡೊಂಬಿವಲಿಯಲ್ಲೋ ಮಾಟುಂಗದಲ್ಲೋ ಇರುವ ಬಳಗದವರ ಮನೆಗೆ ಹೋಗುವವರಿದ್ದರೆ ಫೋನಿನಲ್ಲೇ ಹೇಳಿಬಿಡಿ: "ಕಾಕಾ, ಲಾಡ್ಜಿನ್ಯಾಗ ತಗಣಿ ಇದ್ವು, ಬ್ಯಾಗ್ ಹೊರಗ ಇಡತೀನಿ." ಮುಂಬೈಯ ಮನೆಗಳು ಸಣ್ಣವು. ಒಂದೇ ಕೋಣೆಯಲ್ಲಿ ಐದು ಜನ ಮಲಗುವಲ್ಲಿ ತಿಗಣೆ ಹೊಕ್ಕರೆ ಅವರ ಗತಿ ಯೋಚಿಸಿ. ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹೇಳದೆ ಹೋದರೆ ಸಂಬಂಧವೇ ಕೆಡುತ್ತದೆ.

ಗುಳ್ಳೆಗೆ ಆರೈಕೆ

ಸೋಪು ನೀರಿನಿಂದ ತೊಳೆದು ತಣ್ಣನೆಯ ಒದ್ದೆ ಬಟ್ಟೆ ಇಡಿ. ಕ್ಯಾಲಮೈನ್ ಲೋಷನ್ ತುರಿಕೆ ತಗ್ಗಿಸುತ್ತದೆ. ನಿದ್ದೆ ಬಾರದಷ್ಟು ತುರಿಕೆಯಿದ್ದರೆ ವೈದ್ಯರನ್ನು ಕೇಳಿ ಸೆಟಿರಿಜಿನ್‌ನಂಥ ಮಾತ್ರೆ ತೆಗೆದುಕೊಳ್ಳಬಹುದು, ಅದು ತೂಕಡಿಕೆ ತರುತ್ತದೆ. ಗುಳ್ಳೆ ಕೀವಾಗಿ ಸುತ್ತ ಕೆಂಪು ಹರಡಿದರೆ, ಜ್ವರ ಬಂದರೆ ತೋರಿಸಲೇಬೇಕು. ಮುಖ ನಾಲಿಗೆ ಊದಿ ಉಸಿರು ಕಟ್ಟುವುದು ಅಪರೂಪ, ಹಾಗಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಕೀಮೊಥೆರಪಿ ನಡೆಯುತ್ತಿರುವವರಿಗೆ ಈ ಮನೆಮದ್ದಿನ ಮಾತು ಅನ್ವಯಿಸುವುದಿಲ್ಲ. ಅವರ ಮೈಯ ತಡೆಯುವ ಶಕ್ತಿ ಕುಗ್ಗಿರುತ್ತದೆ, ಸಣ್ಣ ಕೆರೆತವೂ ಸೋಂಕಾಗಬಹುದು. ಮರುದಿನ ಬೆಳಗ್ಗೆಯೇ ಅವರ ವೈದ್ಯರಿಗೆ ತೋರಿಸಿ. "ತಿಗಣೆ ಕಚ್ಚಿತು ಅಂತ ದೊಡ್ಡ ಡಾಕ್ಟರಿಗೆ ಹೇಗೆ ಹೇಳೋದು" ಎಂದು ನಾನು ಎರಡು ದಿನ ಸುಮ್ಮನಿದ್ದೆ. ನೀವು ಹಾಗೆ ಮಾಡಬೇಡಿ.

ಔಷಧಿ ಹೊಡೆಯುತ್ತೇವೆ ಅಂದಾಗ ಎಚ್ಚರ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ದೂರು ಕೊಟ್ಟ ಕೂಡಲೇ ಕೆಲವು ಕಡೆ ಹುಡುಗನೊಬ್ಬ ಸ್ಪ್ರೇ ಡಬ್ಬ ಹಿಡಿದು ಬರುತ್ತಾನೆ, ಅರ್ಧ ಗಂಟೆ ಹೊರಗೆ ಕೂರಿ, ಆಮೇಲೆ ಮಲಗಿ ಅನ್ನುತ್ತಾರೆ. ಒಪ್ಪಬೇಡಿ. ಅಂಗಡಿಯಲ್ಲಿ ಸಿಗುವ ಸ್ಪ್ರೇಗಳಲ್ಲಿ ಹೆಚ್ಚಿನವು ಪೈರೆಥ್ರಾಯ್ಡ್ ಗುಂಪಿನವು. ತಿಗಣೆ ಅವುಗಳಿಗೆ ಬಹುಮಟ್ಟಿಗೆ ಒಗ್ಗಿಹೋಗಿದೆ. ಹುಳ ಉಳಿಯುತ್ತದೆ, ವಿಷ ನಿಮ್ಮ ದಿಂಬಿನ ಮೇಲೆ ಕೂರುತ್ತದೆ.

ಇದಕ್ಕಿಂತ ಭಯಂಕರವಾದದ್ದು ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ. ನಮ್ಮ ಕಡೆ ರೈತರ ಮನೆಗಳಲ್ಲಿ "ಕಾಳಿಗೆ ಹಾಕೋ ಗುಳಿಗಿ" ಅಂದರೆ ಎಲ್ಲರಿಗೂ ಗೊತ್ತು. ಗಾಳಿಯ ತೇವ ತಾಗಿದರೆ ಅದು ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಗೋದಾಮಿನ ಧಾನ್ಯಕ್ಕೆ ತರಬೇತಾದವರು ಮಾತ್ರ ಬಳಸಬೇಕಾದ ವಸ್ತು ಅದು, ಜನಸಾಮಾನ್ಯರಿಗೆ ಮಾರುವಂತೆಯೇ ಇಲ್ಲ. ಆದರೂ ತಿಗಣೆಗೆಂದು ಮಲಗುವ ಕೋಣೆಯಲ್ಲಿ ಇಟ್ಟು ಜೀವ ಹೋದ ಘಟನೆಗಳು ನಮ್ಮ ದೇಶದಲ್ಲಿ ನಡೆದಿವೆ. ಮಕ್ಕಳಿಗೆ ಇನ್ನೂ ಬೇಗ ತಾಗುತ್ತದೆ. ಈ ವಿಷಕ್ಕೆ ಪ್ರತಿಮದ್ದು ಇಲ್ಲ. ಅದರ ಗಾಳಿ ಗೋಡೆಯ ಬಿರುಕಿನಿಂದ ಪಕ್ಕದ ಕೋಣೆಗೂ ಬರಬಹುದು. ಕೋಣೆಯಲ್ಲಿ ಬೆಳ್ಳುಳ್ಳಿಯಂಥ ಅಥವಾ ಕೊಳೆತ ಮೀನಿನಂಥ ವಾಸನೆ ಬಂದು ವಾಂತಿ, ತಲೆಸುತ್ತು, ಎದೆ ಬಿಗಿತ ಶುರುವಾದರೆ ಸಾಮಾನು ಬಿಟ್ಟು ಎಲ್ಲರೂ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ, "ಫಾಸ್ಫೀನ್ ಅನುಮಾನ" ಎಂದು ಹೇಳಿ. ವಾಸನೆ ಬಾರದಿದ್ದರೂ ಅಪಾಯ ಇರಬಹುದು. ಕೋಣೆ ಹಿಡಿಯುವಾಗಲೇ "ಪೆಸ್ಟ್ ಕಂಟ್ರೋಲ್ ಕಬ್ ಕಿಯಾ?" ಎಂದು ಕೇಳಿ. ನಿನ್ನೆ ಇವತ್ತು ಆಗಿದ್ದರೆ ಆ ಮಾಳಿಗೆಯೇ ಬೇಡ. ಸೀಮೆಎಣ್ಣೆ, ಪೆಟ್ರೋಲು, ಸ್ಪಿರಿಟ್ ಸುರಿಯುವುದು ಬೆಂಕಿಗೆ ದಾರಿ, ಅದನ್ನೂ ಮಾಡಬೇಡಿ.

ಹಣ ಮತ್ತು ದೂರು

ಉಳಿದ ರಾತ್ರಿಗಳ ಮುಂಗಡ ವಾಪಸು ಕೇಳಿ. ಆ್ಯಪಿನಲ್ಲಿ ಬುಕ್ ಮಾಡಿದ್ದರೆ ಕೋಣೆ ಬಿಡುವ ಮೊದಲೇ ಅದರ ಚಾಟಿನಲ್ಲಿ ಫೋಟೊ ಹಾಕಿ. ಬರವಣಿಗೆಯಲ್ಲಿ ಇದ್ದದ್ದೇ ನಿಲ್ಲುವುದು. ಪಕ್ಕಾ ಬಿಲ್ಲು ಪಡೆಯಿರಿ. ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮುಂದುವರಿಯಬೇಕೆಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮಂಥ ದೂರದವರಿಗೆ ಒಂದು ದೊಡ್ಡ ಅನುಕೂಲವಿದೆ: ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಧಾರವಾಡದವರು ಧಾರವಾಡದಲ್ಲಿ, ಕಲಬುರಗಿಯವರು ಕಲಬುರಗಿಯಲ್ಲಿ. ಅವಧಿ ಎರಡು ವರ್ಷ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಊರಿಗೆ ಬಂದ ಮೇಲೆ

ಬ್ಯಾಗು ಮಲಗುವ ಕೋಣೆಗೆ ಹೋಗಬಾರದು. ಹಿತ್ತಲಿನಲ್ಲೋ ತಾರಸಿಯಲ್ಲೋ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ. ನಮ್ಮ ಅಜ್ಜಿಯರು ಮಂಚವನ್ನು ಅಂಗಳಕ್ಕೆ ತಂದು ಸಂದಿಗಳಿಗೆ ಕುದಿನೀರು ಹೊಯ್ಯುತ್ತಿದ್ದರಲ್ಲ, ಆ ಬುದ್ಧಿಯೇ ಇಂದಿಗೂ ಸರಿ. ತಿಗಣೆಗೂ ಮೊಟ್ಟೆಗೂ ಬಿಸಿಯೇ ಯಮ. ಸುಮಾರು 48 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆ ಗಂಟೆ ಇದ್ದರೆ ಮೊಟ್ಟೆಯೂ ಸಾಯುತ್ತದೆ, 60 ಡಿಗ್ರಿಯ ನೀರಿನಲ್ಲಿ ಒಗೆದರೆ ಯಾವುದೂ ಉಳಿಯುವುದಿಲ್ಲ. ಹತ್ತಿಯ ಬಟ್ಟೆಗಳನ್ನು ಹಂಡೆಯಲ್ಲಿ ಕಾಸಿದ, ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಒಗೆಯಿರಿ. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಮೊಟ್ಟೆ ಉಳಿಯುತ್ತವೆ. ಬಿಸಿಗಾಳಿಯ ಡ್ರೈಯರ್ ಇರುವ ಲಾಂಡ್ರಿ ಸಿಕ್ಕರೆ ಹೆಚ್ಚಿನ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿ, ಅದರಷ್ಟು ಸುಲಭದ್ದು ಇನ್ನೊಂದಿಲ್ಲ. ಮುಂಬೈಯ ಮಳೆಗಾಲದಲ್ಲಿ ಅಲ್ಲೇ ಉಳಿಯಬೇಕಾದವರಿಗಂತೂ ಅದೇ ದಾರಿ.

ಇಳಕಲ್ ಸೀರೆ, ಉಣ್ಣೆ ಶಾಲು ಬಿಸಿನೀರಿಗೆ ಹಾಕುವಂತಿಲ್ಲ. ಮೇಲೊಂದು ಬಟ್ಟೆ ಹಾಸಿ ಅಂಚು, ಹೊಲಿಗೆ, ಮಡಿಕೆಗಳ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ನಿಧಾನ ಒತ್ತಿ. ಪುಸ್ತಕ, ಚರ್ಮದ ಪರ್ಸುಗಳನ್ನು ಪೌಚಿನಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ನಾಲ್ಕು ದಿನ ಇಡಬಹುದು. ಫ್ರಿಜ್ಜಿನ ಸಣ್ಣ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗದಿರುವುದೇ ಹೆಚ್ಚು. ಲ್ಯಾಪ್‌ಟಾಪನ್ನೂ ಔಷಧಿಗಳನ್ನೂ ಕಾಯಿಸಬೇಡಿ, ತಣಿಸಬೇಡಿ, ಕಣ್ಣಿನಿಂದ ನೋಡಿ ಒರೆಸಿ. ಬ್ಯಾಗನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಿಸಿಲಿಗೆ ಇಡುವುದು ರಾಯಚೂರಿನ ಮೇ ತಿಂಗಳಲ್ಲಿ ಸ್ವಲ್ಪ ಫಲ ಕೊಟ್ಟೀತು, ಆದರೆ ತುಂಬಿದ ಬ್ಯಾಗಿನ ಒಳಗಿನವರೆಗೆ ಬಿಸಿ ತಲುಪುವುದಿಲ್ಲ. ಖಾಲಿ ಮಾಡಿ, ಹೊಲಿಗೆಗಳಿಗೆ ಹಬೆ ಹಾಯಿಸಿ, ವ್ಯಾಕ್ಯೂಮ್ ಇದ್ದರೆ ಎಳೆದು, ಆಮೇಲೆ ಚೀಲದಲ್ಲಿ ಕಟ್ಟಿಡಿ.

ಇನ್ನು ಆರು ವಾರ ಕಾಯುವ ಕೆಲಸ. ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಎಳೆಯಿರಿ, ಹೊದಿಕೆ ನೆಲಕ್ಕೆ ತಾಗದಿರಲಿ. ಇರುವೆ ಹತ್ತಬಾರದೆಂದು ಕಾಲಿನ ಕೆಳಗೆ ನೀರಿನ ಬಟ್ಟಲು ಇಡುವ ಹಾಗೆ, ನಾಲ್ಕೂ ಕಾಲಿಗೆ ನುಣುಪಾದ ಗೋಡೆಯ ಪ್ಲಾಸ್ಟಿಕ್ ಬಟ್ಟಲು ಇಟ್ಟು, ಒಳಗೋಡೆಗೆ ಟಾಲ್ಕಂ ಪೌಡರ್ ಸವರಿ. ಪೌಡರಿನ ಮೇಲೆ ಕಾಲು ನಿಲ್ಲದೆ ಹುಳ ಒಳಗೇ ಉಳಿಯುತ್ತದೆ. ವಾರಕ್ಕೊಮ್ಮೆ ಬಟ್ಟಲು ನೋಡಿ, ಗಾದಿಯ ಹೊಲಿಗೆ ನೋಡಿ, ಪೌಡರ್ ಹೊಸದಾಗಿ ಸವರಿ. ಒಂದು ಕಂಡರೂ ಕಾಯದೆ ಪರವಾನಗಿ ಇರುವ ಕೀಟ ನಿಯಂತ್ರಣದವರನ್ನು ಕರೆಸಿ, ಎರಡು ವಾರ ಬಿಟ್ಟು ಎರಡನೇ ಸಲ ಬರುತ್ತಾರೋ ಎಂದು ಮೊದಲೇ ಕೇಳಿಕೊಳ್ಳಿ. ಮೊದಲ ಸಲ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಮರಿಯಾಗಿರುತ್ತವೆ. ಆರು ವಾರವೂ ಬಟ್ಟಲು ಖಾಲಿಯಿದ್ದರೆ ಬ್ಯಾಗಿನ ಕಟ್ಟು ಬಿಚ್ಚಿ, ಜಿಪ್ಪಿನ ಸಂದನ್ನು ಇನ್ನೊಂದು ಸಲ ಟಾರ್ಚಿನಲ್ಲಿ ನೋಡಿ, ಅಟ್ಟಕ್ಕೆ ಏರಿಸಿ.